ನಾಲ್ಕು ಎಂದು ಬರೆದೆ

ಮಾರ್ಚ್ ೪, ಮಂಗಳವಾರ

ಇವತ್ತು ಒಬ್ಬ ಹೆಂಗಸು ನನ್ನ ಕೈಯಲ್ಲಿದ್ದ ಪೆನ್ನು ಕಿತ್ತುಕೊಂಡು, ನಾನು ಬರೆದದ್ದರ ಮೇಲೆ ಗೀಟು ಹಾಕಿ, ಎದ್ದು ಹೋದಳು.

ನಾನು ಮಾಡಿದ್ದಿಷ್ಟೇ. ಲೇಸರಿನಿಂದ ಕೂದಲು ತೆಗೆಸಿಕೊಳ್ಳಲು ಬರುವವರೆಲ್ಲ ಮೊದಲು ನನ್ನ ಮೇಜಿನ ಮುಂದೆ ಕೂತು ಒಂದು ಫಾರಂ ತುಂಬಿಸಬೇಕು. ವಯಸ್ಸು, ತೆಗೆದುಕೊಳ್ಳುವ ಮಾತ್ರೆ, ಬಿಸಿಲಿನ ಓಡಾಟ, ಹೀಗೆ. ಏಳನೆಯ ಸಾಲು ಚರ್ಮದ ಬಣ್ಣ. ಅದಕ್ಕೆಂದೇ ಆರು ಬಣ್ಣದ ಪಟ್ಟಿಗಳಿರುವ ಒಂದು ಕಾರ್ಡು ಇದೆ. ಒಂದು ಎಂದರೆ ಹಾಲುಬಿಳುಪು, ಆರು ಎಂದರೆ ಕಡುಗಪ್ಪು. ಕಾರ್ಡನ್ನು ಆಕೆಯ ಮುಂಗೈ ಪಕ್ಕ ಹಿಡಿದೆ. ಆರನೆಯ ಪಟ್ಟಿ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಆರು ಎಂದು ಬರೆದೆ.

"ನನ್ನನ್ನ ನೋಡಿದ್ರೆ ಆರು ಅನ್ಸುತ್ತಾ ನಿಂಗೆ?"

ಅನ್ನಿಸಿತು. ಹೌದು ಅಂದೆ.

ಕ್ಲಿನಿಕ್ಕಿನ ಒಡತಿ ಒಳಗೆ ಕರೆದರು. ಅವರನ್ನು ನಾವೆಲ್ಲ ಮೇಡಂ ಅನ್ನುತ್ತೇವೆ. ಹೊರಗಿನ ಬೋರ್ಡಿನ ಮೇಲೆ ಒಬ್ಬ ಡಾಕ್ಟರ ಹೆಸರೂ ಇದೆ. ಸೇರಿ ಎರಡು ತಿಂಗಳಾಯಿತು, ಆ ಡಾಕ್ಟರನ್ನು ಒಂದೇ ಸಲ ನೋಡಿದ್ದೇನೆ, ಅದೂ ಬೆನ್ನು ಮಾತ್ರ.

"ಇದು ಚೆಂದ ಮಾಡೋ ಜಾಗ ಕಣಮ್ಮ, ಕೋರ್ಟ್ ಅಲ್ಲ," ಅಂದರು ಮೇಡಂ. "ಕಾಣಿಸಿದ್ದಕ್ಕಿಂತ ಒಂದು ಕಡಿಮೆ ಬರಿ. ಅವರಿಗೂ ಖುಷಿ, ನಮಗೂ ಖುಷಿ."

"ಮಶೀನಿಗೆ ಖುಷಿಯಾಗುತ್ತಾ ಮೇಡಂ?"

"ಬಾಯಿ ಜಾಸ್ತಿಯಾಯ್ತು ನಿಂದು."

ಮನೆಗೆ ಬಂದು ಹೇಳಿದರೆ ಅಮ್ಮ ಹೊಲಿಗೆ ಯಂತ್ರದಿಂದ ತಲೆಯನ್ನೇ ಎತ್ತಲಿಲ್ಲ. ಅಮ್ಮ ಆಸ್ಪತ್ರೆಗಳಿಗೆ ಪರದೆ ಹೊಲಿದು ಕೊಡುತ್ತಾಳೆ. "ಹೋಯ್ತಾ ಇದೂ?" ಅಂದಳಷ್ಟೇ. ಅಣ್ಣ ಲಿಫ್ಟ್ ರಿಪೇರಿಯವನು. ಗ್ರೀಸಿನ ಕೈ ತೊಳೆಯುತ್ತಾ, "ಏ ಪಾದರಸ, ಇದು ಎಷ್ಟನೇ ಕೆಲಸ? ನಾಲ್ಕೋ, ಐದೋ?" ಅಂದ. ಐದು. ಆದರೆ ಇದು ಹೋಗಿಲ್ಲ. ಹೋಗಲೂ ಬಾರದು.

ಎಲ್ಲರೂ ಕೇಳುತ್ತಾರೆಂದು ಇಲ್ಲೇ ಬರೆದಿಡುತ್ತೇನೆ. ನಾನು ಹತ್ತನೇ ಕ್ಲಾಸಿನ ಮಧ್ಯದಲ್ಲಿ ಶಾಲೆ ಬಿಟ್ಟದ್ದರ ಹಿಂದೆ ಯಾವ ದುಃಖದ ಕಥೆಯೂ ಇಲ್ಲ. ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಪುಸ್ತಕ ಅಂದರೆ ಈಗಲೂ ಆಗದು. ಇದು ಪುಸ್ತಕವಲ್ಲ, ಕ್ಲಿನಿಕ್ಕಿನಲ್ಲಿ ಬಿಸಾಕಿದ್ದ ಹಳೇ ಅಪಾಯಿಂಟ್‌ಮೆಂಟ್ ಡೈರಿ. ಇದರಲ್ಲಿ ಸುಳ್ಳು ಬರೆಯುವುದಿಲ್ಲ. ಅಲ್ಲಿ ಬರೆಯಲೇಬೇಕಾಗಿದೆ, ಇಲ್ಲಿ ಬೇಡ.

ಮಾರ್ಚ್ ೭, ಶುಕ್ರವಾರ

ಮೂರು ದಿನ ಒಂದು ಕಡಿಮೆ ಬರೆದೆ. ಕೊನೆಗೆ ಊಟದ ಹೊತ್ತಿನಲ್ಲಿ ಮಶೀನಕ್ಕನಿಗೆ ಹೇಳಿಬಿಟ್ಟೆ. ಮಶೀನಕ್ಕ ಎಂದರೆ ಆರು ವರ್ಷದಿಂದ ಲೇಸರ್ ನಡೆಸುತ್ತಿರುವ ಅಕ್ಕ. ಮೇಡಮ್ಮೇ ಅವಳಿಗೆ ಸ್ವಲ್ಪ ಹೆದರುತ್ತಾರೆ.

"ನಾನು ಫಾರಂನಲ್ಲಿ ಸುಳ್ಳು ಬರೀತಿದೀನಿ ಅಕ್ಕ. ಐದಿದ್ರೆ ನಾಲ್ಕು."

"ಗೊತ್ತು," ಅಂದಳು, ಡಬ್ಬಿಯ ಮುಚ್ಚಳ ಹಾಕುತ್ತಾ. "ನಿನ್ನ ಮುಂಚೆ ಇದ್ದೋಳೂ ಹಾಗೇ ಬರೀತಿದ್ಳು. ನಾನು ಒಳಗೆ ಒಂದು ಕೂಡಿಸ್ಕೋತೀನಿ."

ನಾನು ಡಬ್ಬಿ ಪಕ್ಕಕ್ಕೆ ತಳ್ಳಿದೆ. ಎಷ್ಟು ವರ್ಷದಿಂದ ಹೀಗೆ? ಆರು ವರ್ಷದಿಂದ. ಹೊರಗೆ ಒಬ್ಬಳು ಒಂದು ಕಳೆಯುತ್ತಾಳೆ, ಒಳಗೆ ಒಬ್ಬಳು ಒಂದು ಕೂಡಿಸುತ್ತಾಳೆ. ಬೀರುವಿನಲ್ಲಿರುವ ಫಾರಂ ಒಂದೂ ನಿಜವಲ್ಲ.

"ಕೂಡಿಸೋದು ಮರೆತ್ರೆ?"

"ಮರೆಯಲ್ಲ. ಕಣ್ಣಿದೆಯಲ್ಲ." ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಬಿಡಿಸಿ ಹೇಳಿದಳು. "ಬೆಳಕು ಕಪ್ಪನ್ನ ಹುಡುಕ್ಕೊಂಡು ಹೋಗುತ್ತೆ ಕಣೆ. ಕೂದಲ ಬೇರಲ್ಲಿರೋ ಕಪ್ಪು ಸಿಕ್ಕಿದ್ರೆ ಬೇರು ಸುಡುತ್ತೆ, ನಮಗೆ ಬೇಕಾಗಿರೋದು ಅದು. ಚರ್ಮದಲ್ಲೂ ಕಪ್ಪಿದ್ರೆ ಅದನ್ನೂ ಹಿಡ್ಕೊಳುತ್ತೆ. ಅದಕ್ಕೇ ಕಪ್ಪಗಿರೋರಿಗೆ ಜೋರು ಕಡಿಮೆ ಮಾಡ್ಬೇಕು. ಆ ನಂಬರ್ ಇರೋದು ಅದಕ್ಕೆ. ಹೊಗಳೋಕಲ್ಲ, ಬಯ್ಯೋಕೂ ಅಲ್ಲ."

ಹೊಸಬರು ಯಾರೇ ಬಂದರೂ ಅವಳು ಕಿವಿಯ ಹಿಂದೆ ಒಂದೇ ಒಂದು ಚುಕ್ಕಿ ಹೊಡೆದು, ಎರಡು ದಿನ ಬಿಟ್ಟು ಬನ್ನಿ ಎಂದು ಕಳಿಸುತ್ತಾಳೆ. ಕಪ್ಪು ಚರ್ಮ ತಕ್ಷಣ ಏನೂ ಹೇಳುವುದಿಲ್ಲವಂತೆ, ಮಾರನೇ ದಿನ ಹೇಳುತ್ತದಂತೆ. ಸ್ವಲ್ಪ ಕೆಂಪಾಗುವುದು, ಕೂದಲ ಬುಡ ಗುಳ್ಳೆಯ ಹಾಗೆ ಉಬ್ಬುವುದು, ಒಂದು ದಿನ ಚುರುಚುರು ಅನ್ನುವುದು, ಇವೆಲ್ಲ ಲೆಕ್ಕಕ್ಕಿಲ್ಲ. ನೀರುಗುಳ್ಳೆ ಬಂದರೆ, ಬೂದಿ ಬಣ್ಣಕ್ಕೆ ತಿರುಗಿದರೆ ಅದು ಸುಟ್ಟದ್ದು.

ಇಷ್ಟು ಹೊತ್ತು ಒಂದೇ ಕಡೆ ಕೂತು ಯಾರ ಮಾತನ್ನಾದರೂ ಕೇಳಿದ್ದು ನೆನಪಿಲ್ಲ.

ಮಾರ್ಚ್ ೧೨, ಬುಧವಾರ

ಮಶೀನಕ್ಕ ನಾಳೆಯಿಂದ ಹನ್ನೆರಡು ದಿನ ರಜ. ಅವಳ ಅಮ್ಮನಿಗೆ ಕಣ್ಣಿನ ಆಪರೇಷನ್. ಇನ್ನೊಂದು ಬ್ರಾಂಚಿನಿಂದ ಬದಲಿಗೆ ಯಾರೋ ಬರುತ್ತಾರಂತೆ. ನಾನು ಬೇಜಾರಿನಲ್ಲಿದ್ದೆ, ಕಿಟಕಿ ಒರೆಸಿದೆ, ಕುರ್ಚಿಗಳನ್ನು ಅತ್ತಿಂದಿತ್ತ ಎಳೆದೆ, ಬಯ್ಯಿಸಿಕೊಂಡೆ.

ಮಾರ್ಚ್ ೧೫, ಶನಿವಾರ, ಮಧ್ಯಾಹ್ನ

ನಂಬಲಾಗುತ್ತಿಲ್ಲ. ಈಗ ನನ್ನ ಮುಂದಿನ ಬೆಂಚಿನಲ್ಲಿ ನಮ್ಮ ಶಾಲೆಯ ಗಣಿತದ ಮಿಸ್ ಕೂತಿದ್ದಾರೆ. ನಾನು ಕೆಲಸದ ಪುಸ್ತಕ ಬರೆಯುತ್ತಿರುವವಳ ಹಾಗೆ ಇದನ್ನು ಬರೆಯುತ್ತಿದ್ದೇನೆ.

ಬಾಗಿಲಲ್ಲಿ ನನ್ನನ್ನು ನೋಡಿ ತಿರುಗಿ ಹೋಗಿಬಿಡುತ್ತಾರೆ ಅಂದುಕೊಂಡೆ. ಹೋಗಲಿಲ್ಲ. "ನೀನಾ? ಅಂತೂ ಎಲ್ಲೋ ಒಂದು ಕಡೆ ಕೂತಿದೀಯಲ್ಲ," ಅಂದರು. ಆಮೇಲೆ ದನಿ ತಗ್ಗಿಸಿದರು. "ಗದ್ದ ಕಣೆ. ಹದಿನೈದು ವರ್ಷದಿಂದ ದಿನಾ ಬೆಳಿಗ್ಗೆ ಚಿಮಟ ಹಿಡ್ಕೊಂಡು ಕೀಳ್ತಿದೀನಿ. ಒಂದು ತಿಂಗಳಿಂದ ಕಿತ್ತಿಲ್ಲ, ಬೋಳಿಸ್ತಿದೀನಿ. ನಿಮ್ಮ ಕ್ಲಿನಿಕ್ಕಿನವರು ಫೋನಿಗೆ ಕಳಿಸಿದ ಚೀಟೀಲಿ ಹಾಗೇ ಇತ್ತು."

ಚೀಟಿಯನ್ನು ಪೂರ್ತಿ ಓದಿ ಬಂದವರನ್ನು ನಾನು ನೋಡಿದ್ದು ಇದೇ ಮೊದಲು.

ನನಗೆ ಅವರ ಮುಖ ನೋಡಲು ಆಗಲಿಲ್ಲ. ಎಂಟನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಮೀಸೆ ಮಿಸ್ ಎಂದು ಬರೆದವಳು ನಾನು. ಎರಡು ದಿನದಲ್ಲಿ ಇಡೀ ಶಾಲೆಗೆ ಅದೇ ಹೆಸರಾಯಿತು. ಇರುವುದನ್ನು ತಾನೇ ಹೇಳಿದ್ದು ಎಂದು ಆಗ ಬೀಗಿದ್ದೆ.

ಏಳನೆಯ ಸಾಲಿಗೆ ಬಂದೆ. ಕಾರ್ಡು ತೆಗೆದಾಗ ಮಿಸ್ ಮುಖ ಪಕ್ಕಕ್ಕೆ ತಿರುಗಿಸಿ, "ಅದನ್ನ ನೀನೇ ಬರ್ಕೊಳ್ಳಮ್ಮ," ಅಂದರು. ಆರು. ಅನುಮಾನವೇ ಇಲ್ಲ. ಮೇಡಂ ಹೇಳಿದಂತೆ ಐದು ಬರೆಯಬೇಕು. ನಾನು ನಾಲ್ಕು ಎಂದು ಬರೆದೆ. ಫಾರಂ ತಿರುಗಿಸಿ ಸಹಿಗೆ ಕೊಟ್ಟೆ.

"ನಾಲ್ಕಾ?" ಅಂದರು. ಸಹಿ ಮಾಡುವಾಗ ತುಟಿಯ ಕೊನೆಯಲ್ಲಿ ನಗು ಇತ್ತು.

ಸುಳ್ಳು ಹೇಳಿ ಇಷ್ಟು ಹಗುರಾದದ್ದು ಇದೇ ಮೊದಲು. ಒಳಗಿನಿಂದ ಕರೆಯುತ್ತಿದ್ದಾರೆ, ಚರ್ಮಕ್ಕೆ ತಣ್ಣನೆ ಗಾಳಿ ಬಿಡುವ ಪೈಪು ಹಿಡಿದುಕೊಳ್ಳಲು ಒಬ್ಬರು ಬೇಕಂತೆ.

ಅದೇ ದಿನ, ಸಂಜೆ

ಬರೆಯಲು ಆಗುತ್ತಿಲ್ಲ.

ಮಾರ್ಚ್ ೧೬, ಭಾನುವಾರ

ಬರೆಯುತ್ತೇನೆ. ಇದ್ದದ್ದು ಇದ್ದ ಹಾಗೆ.

ಬದಲಿಗೆ ಬಂದವಳು ಕೆಟ್ಟವಳಲ್ಲ. ಅವಳ ಬ್ರಾಂಚಿನಲ್ಲಿ ಫಾರಂ ನೋಡಿ ಮಶೀನಿಗೆ ನಂಬರ್ ಹಾಕುತ್ತಾರೆ, ಇಲ್ಲೂ ಹಾಗೇ ಹಾಕಿದಳು. ನಾಲ್ಕು. ನಾನು ಬಾಗಿಲಲ್ಲೇ ನಿಂತಿದ್ದೆ. ಕೂಡಿಸಬೇಕು ಎಂದು ಹೇಳಲು ಬಾಯಿ ತೆರೆದೆ. ಆದರೆ ಮಿಸ್ ಅಲ್ಲೇ ಮಲಗಿದ್ದರು, ಕಣ್ಣಿಗೆ ಕಪ್ಪು ಕನ್ನಡಕ, ಗದ್ದ ಮೇಲೆತ್ತಿಕೊಂಡು. ಅವರ ಎದುರಿಗೆ, ಇವರು ನಾಲ್ಕಲ್ಲ, ಆರು ಅಂತ ಹೇಗೆ ಹೇಳುವುದು? ಈಗ ತಾನೇ ನಕ್ಕಿದ್ದರು. ಬಾಯಿ ಮುಚ್ಚಿಕೊಂಡೆ.

ಅಷ್ಟೇ ಕಾರಣ. ಎಷ್ಟು ಸಲ ತಿರುವಿ ಹಾಕಿದರೂ ಬೇರೆ ಕಾರಣ ಸಿಗುತ್ತಿಲ್ಲ.

ಚುಕ್ಕಿ ಹೊಡೆದು ಎರಡು ದಿನ ಕಾಯಲಿಲ್ಲ. ಹತ್ತು ನಿಮಿಷ ಕಾದು, "ಏನೂ ಆಗಿಲ್ಲ, ಶುರು ಮಾಡೋಣ," ಅಂದಳು. ನಾನು ಪೈಪು ಹಿಡಿದೆ. ಮೊದಲನೆಯದು ಗದ್ದದ ಕೆಳಗೆ. ಕೂದಲು ಸುಟ್ಟ ವಾಸನೆ ಬಂತು, ಅದು ದಿನಾ ಬರುವುದೇ. ಎರಡನೆಯದು, ಮೂರನೆಯದು. "ಬಿಸಿ, ತುಂಬಾ ಬಿಸಿ," ಅಂದರು ಮಿಸ್. "ಮೊದಲ ಸಲ ಹಾಗೇ ಅನ್ಸುತ್ತೆ ಮೇಡಂ, ಸ್ವಲ್ಪ ತಡ್ಕೊಳ್ಳಿ." ನಾಲ್ಕನೆಯದರ ಹೊತ್ತಿಗೆ ಮೊದಲನೆಯದು ಬೂದಿ ಬಣ್ಣಕ್ಕೆ ತಿರುಗಿತ್ತು. ಚೌಕಾಕಾರ, ಯಾರೋ ಸೀಲು ಒತ್ತಿದ ಹಾಗೆ. ಬೂದಿ ಬಣ್ಣ ಎಂದರೆ ಏನು ಎಂದು ನನಗೆ ಗೊತ್ತಿತ್ತು. ಆದರೂ ಐದನೆಯದನ್ನು ನೋಡಿದೆ. ಆರನೆಯದನ್ನು ನೋಡಿದೆ. ಏಳನೆಯದಾದ ಮೇಲೆ, "ನಿಲ್ಸಿ," ಅಂದೆ.

ಬದಲಿಯವಳು ಕನ್ನಡಕ ತೆಗೆದು ನೋಡಿ, ಐಸ್ ತರಲು ಓಡಿದಳು. ಐಸನ್ನು ನೇರವಾಗಿ ಇಡಬಾರದು ಎಂದು ಮಶೀನಕ್ಕ ಒಂದು ದಿನ ಹೇಳಿದ್ದಳು. ನಾನು ಟವೆಲನ್ನು ನಲ್ಲಿ ನೀರಿನಲ್ಲಿ ಅದ್ದಿ ಇಟ್ಟೆ. ಬಿಸಿಯಾದಾಗ ತೆಗೆದು ಮತ್ತೆ ಅದ್ದಿದೆ. ಇಪ್ಪತ್ತು ನಿಮಿಷ. ಮಿಸ್ ಕಣ್ಣಿನಿಂದ ನೀರು ಕಿವಿಯೊಳಕ್ಕೆ ಇಳಿಯುತ್ತಿತ್ತು. ಅವರು ನನ್ನ ಮಣಿಕಟ್ಟು ಹಿಡಿದುಕೊಂಡು, "ಹೆದರ್ಬೇಡ, ಹೆದರ್ಬೇಡ," ಅಂದರು. ನನಗೆ. ಅವರು ನನಗೆ ಹೇಳಿದರು.

ಮಾರ್ಚ್ ೧೮, ಮಂಗಳವಾರ

ಮಿಸ್ ಬಂದಿದ್ದರು. ಸ್ಕಾರ್ಫ್ ಬಿಚ್ಚಿದರು. ಏಳು ಗುರುತು, ಐದರ ಮೇಲೆ ನೀರುಗುಳ್ಳೆ. ಒಂದು ಒಡೆದು ಸ್ಕಾರ್ಫಿಗೆ ಅಂಟಿಕೊಂಡಿತ್ತು, ಬಿಡಿಸುವಾಗ ಹಲ್ಲು ಕಚ್ಚಿಕೊಂಡರು.

ನಾನು ಮೇಡಂ ಹಿಂದೆ ನಿಂತು ಕೇಳಿಸಿಕೊಂಡದ್ದು ಇದು.

"ಶನಿವಾರ ಇಲ್ಲಿಂದ ಹೋಗ್ತಾ ಬಿಸಿಲಿಗೆ ಹೋದ್ರಾ?"

"ಬಸ್ ಸ್ಟಾಪಿಗೆ ನಡೆದೆ. ಐದು ನಿಮಿಷ. ಸ್ಕಾರ್ಫ್ ಕಟ್ಕೊಂಡಿದ್ದೆ."

"ಅದೇ ನೋಡಿ. ಐದು ನಿಮಿಷ ಸಾಕು."

ಮಿಸ್ ಹಣೆ ಗಂಟಿಕ್ಕಿದರು. ಉತ್ತರ ತಪ್ಪಿದ ಲೆಕ್ಕವನ್ನು ಮೊದಲಿಂದ ನೋಡುವಾಗ ಅವರ ಹಣೆ ಹೀಗೇ ಗಂಟಾಗುತ್ತಿತ್ತು. "ಆಟೋ ಹಿಡೀಬೇಕಿತ್ತು. ನನ್ನದೇ ತಪ್ಪು," ಅಂದರು. ಮೇಡಂ ಒಂದು ಹಾಳೆ ಮುಂದಿಟ್ಟರು. ಬಿಸಿಲಿಗೆ ಹೋದದ್ದರಿಂದ ಹೀಗಾಯಿತು ಎಂದು ಅದರಲ್ಲಿತ್ತು. ಮಿಸ್ ಪೂರ್ತಿ ಓದಿ ಸಹಿ ಮಾಡಿದರು.

"ಸೋಮವಾರ ಬನ್ನಿ," ಅಂದರು ಮೇಡಂ. "ಅದೇ ಸೆಟ್ಟಿಂಗಲ್ಲಿ ಇನ್ನೊಂದು ಸಲ ಮೇಲಿಂದ ಹೊಡೆದ್ರೆ ಕಲೆ ಸಮ ಆಗುತ್ತೆ."

ಅದೇ ಸೆಟ್ಟಿಂಗ್. ನಾಲ್ಕು. ನನ್ನ ನಾಲ್ಕು.

ಮಿಸ್ ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು, "ಟವೆಲ್ ಇಟ್ಯಲ್ಲ, ಅದರಿಂದ ಎಷ್ಟೋ ವಾಸಿಯಾಯ್ತು," ಅಂದರು. ನಾನು ತಲೆಯಾಡಿಸಿದೆ. ಜನರ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ನಾನು ತಲೆಯಾಡಿಸಿದೆ.

ಮಾರ್ಚ್ ೧೯, ಬುಧವಾರ

ಮಶೀನಿನ ಪುಸ್ತಕ ಡ್ರಾಯರಿನ ತಳದಲ್ಲಿತ್ತು. ಪ್ಲಾಸ್ಟಿಕ್ ಕವರನ್ನೇ ಬಿಚ್ಚಿರಲಿಲ್ಲ. ಮನೆಗೆ ತಂದೆ. ನೂರ ನಲವತ್ತು ಪುಟ. ಅರ್ಥವಾಗದ ಪದಗಳನ್ನು ಅಣ್ಣನನ್ನು ಕೇಳಿದೆ, ಅವನಿಗೆ ಕರೆಂಟಿನ ಭಾಗವೆಲ್ಲ ತಿಳಿಯುತ್ತದೆ.

ಮೂವತ್ತೊಂದನೆಯ ಪುಟ: ಗುಳ್ಳೆ ಅಥವಾ ಗಾಯ ಇರುವ ಚರ್ಮದ ಮೇಲೆ ಬಳಸಬಾರದು. ಬೇರೆ ಏನೂ ಇಲ್ಲ, ಒಂದೇ ಸಾಲು.

ಅಣ್ಣನಿಗೆ ಎಲ್ಲ ಹೇಳಿದೆ. ಅವನು ಟೀ ಲೋಟ ಕೆಳಗಿಟ್ಟ.

"ನಮ್ಮಲ್ಲಿ ಒಬ್ಬ ಇದ್ದ," ಅಂದ. "ಲಿಫ್ಟಲ್ಲಿ ಆರು ಜನ ಅಂತ ಇರೋ ಬೋರ್ಡ್ ತೆಗೆದು ಎಂಟು ಜನ ಅಂತ ಹಾಕ್ದ. ಮಾಲೀಕರು ಕೇಳಿದ್ರು, ಪಾಪ ಅಂತ ಹಾಕ್ದ. ಒಳಗೆ ಹಗ್ಗಕ್ಕೆ ಓದೋಕೆ ಬರಲ್ವಲ್ಲ."

"ಏನಾಯ್ತು?"

"ನಾನು ಆ ಬೋರ್ಡ್ ತೆಗ್ಸಿದೆ. ಅವನು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ." ಮಶೀನಿನ ಪುಸ್ತಕ ತನ್ನ ಕಡೆ ಎಳೆದುಕೊಂಡು, "ಸೋಮವಾರ ಅಂದ್ಯಾ?" ಅಂದ.

ಮಾರ್ಚ್ ೨೦, ಗುರುವಾರ

ಮೇಡಂಗೆ ಮೂವತ್ತೊಂದನೆಯ ಪುಟ ತೋರಿಸಿದೆ. ನಂಬರನ್ನೂ ಹೇಳಿದೆ.

"ತಿದ್ದೋಣ ಮೇಡಂ. ಸೋಮವಾರದ್ದು ಬೇಡ ಅಂತ ಫೋನ್ ಮಾಡೋಣ."

"ತಿದ್ದಿದ್ರೆ ಏನಂತಾಗುತ್ತೆ? ಬರೆದಿದ್ದು ತಪ್ಪು ಅಂತಾಗುತ್ತೆ. ಬರೆದೋಳು ಯಾರು?"

"ನಾನು."

"ನಾನು ಒಂದು ಕಡಿಮೆ ಮಾಡು ಅಂದಿದ್ದೆ. ಎರಡು ಮಾಡು ಅಂದಿದ್ನಾ?"

ಇಲ್ಲ. ಹಾಗೆ ಹೇಳಿರಲಿಲ್ಲ. ಮೇಡಂ ಕೂಗಾಡಲಿಲ್ಲ. ತುಂಬಾ ಮೆತ್ತಗೆ, "ಆ ಟೀಚರ್ ಬಿಸಿಲು ಅಂತ ಒಪ್ಕೊಂಡಿದಾರೆ. ಅವರಿಗೆ ಸಮಾಧಾನ ಇದೆ. ನೀನ್ಯಾಕೆ ಹೋಗಿ ಕೆಡಿಸ್ತೀಯ?" ಅಂದರು.

ಒಂದು ಗಳಿಗೆ ನನಗೂ ಹೌದಲ್ಲ ಅನ್ನಿಸಿತು.

ಮಶೀನಕ್ಕನಿಗೆ ಫೋನ್ ಮಾಡಿದೆ. ಆಸ್ಪತ್ರೆಯ ಕಾರಿಡಾರಿನ ಸದ್ದು ಕೇಳುತ್ತಿತ್ತು. ಎಲ್ಲ ಹೇಳಿದೆ.

"ಆರು ವರ್ಷ ಕೂಡಿಸ್ದೆ," ಅಂದಳು. "ಯಾರಿಗೂ ಏನೂ ಆಗ್ಲಿಲ್ಲ ಅಂತ ಜಂಬ ಪಟ್ಕೊಂಡೆ. ಆ ಫಾರಂನ ಮೇಡಂ ಮುಖಕ್ಕೆ ಎಸೀಬೇಕಿತ್ತು. ಎಸೀಲಿಲ್ಲ. ಆ ಟೀಚರ್ ಚರ್ಮದ ಡಾಕ್ಟರ ಹತ್ರ ಹೋಗಿದಾರಾ?"

"ಇಲ್ಲ. ಇಲ್ಲಿಯ ಕ್ರೀಮ್ ಹಚ್ತಿದಾರೆ."

"ಎಷ್ಟು ಜೋರಲ್ಲಿ ಹೊಡೆದ್ರು ಅಂತ ಡಾಕ್ಟರಿಗೆ ತಿಳೀಬೇಕು. ಫಾರಂ ಫೋಟೋ ತಗೋ. ಇವತ್ತೇ ತಗೋ."

ತೆಗೆದುಕೊಂಡೆ.

ಮಾರ್ಚ್ ೨೨, ಶನಿವಾರ

ಮಿಸ್ ಮನೆ ಎರಡನೇ ಮಹಡಿ. ಗಂಡ ಹಡಗಿನಲ್ಲಿ ಕೆಲಸ ಮಾಡುತ್ತಾರೆ, ಆರು ತಿಂಗಳಿಗೊಮ್ಮೆ ಬರುತ್ತಾರೆ. ಮೇಜಿನ ಮೇಲೆ ತಿದ್ದುವ ಉತ್ತರ ಪತ್ರಿಕೆಗಳ ರಾಶಿ. ನಾನು ಬರುತ್ತೇನೆಂದು ಹೇಳಿರಲಿಲ್ಲ. ಮನೆಯೊಳಗೂ ಸ್ಕಾರ್ಫ್ ಕಟ್ಟಿಕೊಂಡಿದ್ದರು, ಕಿಟಕಿಗಳೆಲ್ಲ ಮುಚ್ಚಿದ್ದವು. ಬಿಸಿಲು ಒಳಗೆ ಬರಬಾರದೆಂದು.

ನಿಂತೇ ಹೇಳಿದೆ. ಕೂತರೆ ಆಗುವುದಿಲ್ಲ ಅನ್ನಿಸಿತು. ಫಾರಂ, ಆರು, ನಾಲ್ಕು, ಬಾಗಿಲಲ್ಲಿ ಬಾಯಿ ತೆರೆದು ಮುಚ್ಚಿದ್ದು, ಬೂದಿ ಬಣ್ಣ ಕಂಡ ಮೇಲೂ ಮೂರು ಸಲ ಸುಮ್ಮನಿದ್ದದ್ದು. ಬಿಸಿಲಿನಿಂದಲ್ಲ ಅಂದೆ. ಸೋಮವಾರ ಹೋಗಬೇಡಿ ಅಂದೆ. ಮಶೀನಿನ ಪುಸ್ತಕದ ಪುಟ ತೋರಿಸಿದೆ.

ಮಿಸ್ ಎದ್ದು ಹೋಗಿ ಒಂದು ಕಿಟಕಿ ತೆರೆದರು. ಅಲ್ಲೇ ನಿಂತರು.

"ನಾಲ್ಕು ಅಂತ ನೋಡಿದಾಗ ನಂಗೆ ಗೊತ್ತಿತ್ತು ಅದು ಸುಳ್ಳು ಅಂತ," ಅಂದರು. "ಖುಷಿಯಾಯ್ತು. ಸಹಿ ಮಾಡ್ದೆ. ಆ ನಂಬರ್ ಯಾತಕ್ಕೆ ಅಂತ ನೀನು ಹೇಳಿದ್ರೆ ನಾನೇ ಅದನ್ನ ಹೊಡೆದು ಹಾಕಿ ಆರು ಅಂತ ಬರೀತಿದ್ದೆ."

"ಗೊತ್ತು ಮಿಸ್."

"ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ?"

ಆಗ ಮೀಸೆ ಮಿಸ್ ವಿಷಯವನ್ನೂ ಹೇಳಿದೆ. ಆ ಹೆಸರಿಗೆ ಬದಲಾಗಿ ಏನೋ ಒಂದು ಒಳ್ಳೆಯದು ಮಾಡಿಬಿಡೋಣ ಅನ್ನಿಸಿತು ಅಂದೆ.

"ಅದು ನೀನೇ ಅಂತ ಅವತ್ತೇ ಗೊತ್ತಿತ್ತು. ನಿನ್ನ ಅಕ್ಷರ ತಿದ್ದಿ ತಿದ್ದಿ ನನ್ನ ಕಣ್ಣು ಹೋಗಿತ್ತಲ್ಲ," ಅಂದರು. ನಗಲಿಲ್ಲ. "ಅವತ್ತು ನಿಜ ಹೇಳ್ತೀನಿ ಅಂತ ನನ್ನ ಕೇಳ್ದೆ ಬರೆದೆ. ಈಗ ಒಳ್ಳೇದ್ ಮಾಡ್ತೀನಿ ಅಂತ ನನ್ನ ಕೇಳ್ದೆ ಬರೆದೆ. ಎರಡು ಸಲಾನೂ ಮುಖ ನಂದು."

ಮಶೀನಿನ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ.

"ಕ್ಷಮಿಸಿದೀನಿ ಅಂತ ಅಂದ್ಕೊಂಡು ಹೋಗ್ಬೇಡ," ಅಂದರು. "ಸೋಮವಾರ ದೊಡ್ಡಾಸ್ಪತ್ರೆಗೆ ಹೋಗ್ತೀನಿ. ಎಂಟು ಗಂಟೆಗೆ ಗೇಟಲ್ಲಿ ಇರು. ಡಾಕ್ಟರಿಗೆ ನೀನೇ ಹೇಳು."

ಮಾರ್ಚ್ ೨೪, ಸೋಮವಾರ

ಏಳೂಕಾಲಿಗೇ ಗೇಟಿನಲ್ಲಿದ್ದೆ.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಮಿಸ್ ಗದ್ದ ಎತ್ತಿದರು, ನಾನು ಹೇಳಿದೆ. ನಂಬರ್ ಹೇಳಿದಾಗ ಡಾಕ್ಟರ ಪೆನ್ನು ನಿಂತಿತು. ನನ್ನನ್ನೊಮ್ಮೆ, ಮಿಸ್ ಕೈಯನ್ನೊಮ್ಮೆ ನೋಡಿದರು. ಪಕ್ಕದಲ್ಲಿ ಡಾಕ್ಟರಿಕೆ ಕಲಿಯುತ್ತಿದ್ದ ಹುಡುಗಿಯರಿಬ್ಬರು ನನ್ನ ವಯಸ್ಸಿನವರೇ. ಅವರೂ ನೋಡಿದರು.

"ಇವತ್ತು ಮತ್ತೆ ಹೊಡೆಸಿಕೊಂಡಿದ್ರೆ ಪೂರ್ತಿ ಗಾಯ ಆಗ್ತಿತ್ತು," ಅಂದರು ಡಾಕ್ಟರು. ಎರಡು ಗುರುತಿನಲ್ಲಿ ಆಗಲೇ ಬಣ್ಣ ಹೋಗಿದೆಯಂತೆ, ನಾಲ್ಕನೆಯದು ಮತ್ತು ಐದನೆಯದು. ಬೇರೆಯವು ಮೊದಲು ಕಪ್ಪಾಗಿ ನಿಧಾನಕ್ಕೆ ತಿಳಿಯಾಗುತ್ತವೆ, ತಿಂಗಳುಗಟ್ಟಲೆ ಬೇಕು. ಬಿಳಿ ಆದದ್ದು ಮರಳಿ ಬರಬಹುದು, ಬಾರದೆಯೂ ಇರಬಹುದು.

ಮಿಸ್ ಕೇಳಿದರು, "ಬರದೇ ಇರೋದು ಅಂದ್ರೆ, ಯಾವಾಗಲೂ?"

"ಯಾವಾಗಲೂ."

ಮಿಸ್ ಸ್ಕಾರ್ಫನ್ನು ಮಡಿಸಿ, ಮತ್ತೆ ಬಿಡಿಸಿ, ಮತ್ತೆ ಮಡಿಸಿದರು.

ಆರೋಗ್ಯ ಇಲಾಖೆಗೆ ದೂರು ಬರೆಯಬೇಕು, ಕಣ್ಣಾರೆ ಕಂಡವರು ಬರೆದರೆ ಗಟ್ಟಿಯಾಗಿ ನಿಲ್ಲುತ್ತದೆ ಅಂದರು ಡಾಕ್ಟರು. ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ಮೂರು ಪುಟವಾಯಿತು. ನಾನು ಮಾಡಿದ್ದನ್ನೂ ಬರೆದೆ, ಮೇಡಂ ಹೇಳಿದ್ದನ್ನೂ, ಹೇಳದೇ ಇದ್ದದ್ದನ್ನೂ. ಒಂದು ಕಳೆಯಲು ಹೇಳಿದ್ದು ಅವರು, ಎರಡು ಕಳೆದದ್ದು ನಾನು. ಮಿಸ್ ಓದಿ ಒಂದು ಅಕ್ಷರ ತಿದ್ದಿದರು.

ಕೆಲಸ ಹೋಯಿತು. ಮೇಡಂ ಫೋನಿನಲ್ಲೇ ಹೇಳಿದರು.

ಮಾರ್ಚ್ ೨೬, ಬುಧವಾರ

ಮಿಸ್ ಫೋನ್. ಗದ್ದದ ಕೆಳಗಿನದು ಕನ್ನಡಿಯಲ್ಲಿ ಕಾಣುವುದಿಲ್ಲ, ಮುಲಾಮು ಎಲ್ಲೆಲ್ಲೋ ಹತ್ತುತ್ತಿದೆ. "ಬೆಳಿಗ್ಗೆ ಆರೂವರೆ. ಲೇಟಾಗಿ ಬಂದ್ರೆ ಬರಲೇಬೇಡ." ಇಟ್ಟುಬಿಟ್ಟರು.

ಮಾರ್ಚ್ ೩೦, ಭಾನುವಾರ

ಗುಳ್ಳೆ ಒಣಗಿವೆ. ೧, ೨, ೩ ಕಪ್ಪು, ಬೆರಳಿನ ಉಗುರಿನಷ್ಟು. ೪, ೫ ಬಿಳಿ. ೬ ಅಂಚು ಮಾತ್ರ ಕಪ್ಪು. ೭ ಚಿಕ್ಕದು. ಒಂದು ಪುಟದಲ್ಲಿ ಏಳು ಚೌಕ ಬರೆದು ದಿನಾ ಗುರುತು ಹಾಕುತ್ತಿದ್ದೇನೆ, ಡಾಕ್ಟರಿಗೆ ತೋರಿಸಲು. ಕಿಟಕಿಯ ಬೆಳಕಿನಲ್ಲೇ ನೋಡಬೇಕು, ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಒಂದೇ ಬಣ್ಣ ಕಾಣುತ್ತದೆ.

ಮಿಸ್ ಮಾತಾಡುವುದಿಲ್ಲ. ಗದ್ದ ಎತ್ತುತ್ತಾರೆ, ಹಚ್ಚುತ್ತೇನೆ, ಇಳಿಸುತ್ತಾರೆ.

ಏಪ್ರಿಲ್ ೯, ಬುಧವಾರ

ಕ್ಲಿನಿಕ್ಕಿಗೆ ಆರೋಗ್ಯ ಇಲಾಖೆಯವರು ಬಂದು ಲೇಸರ್ ರೂಮಿಗೆ ಬೀಗ ಹಾಕಿ ಹೋದರಂತೆ. ಮಶೀನಕ್ಕ ಹೇಳಿದಳು. ಬೀರುವಿನ ಫಾರಂಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೋದರಂತೆ. ಅವಳೂ ಹೇಳಿಕೆ ಕೊಟ್ಟಳಂತೆ, ಆರು ವರ್ಷದ್ದು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

೩ ತಿಳಿಯಾಗುತ್ತಿದೆ.

ಏಪ್ರಿಲ್ ೧೪, ಸೋಮವಾರ

ಅಣ್ಣ ಇವತ್ತು ಬೆಳಿಗ್ಗೆ, "ಪಾದರಸ, ಚಪ್ಪಲಿ ಸದ್ದಿಗೆ ದಿನಾ ಆರು ಗಂಟೆಗೆ ಎಚ್ಚರ ಆಗುತ್ತಲ್ಲೇ ನಂಗೆ," ಎಂದು ಬಯ್ದ. ನಾಳೆಯಿಂದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಇಳಿಯಬೇಕು.

ಏಪ್ರಿಲ್ ೨೧, ಸೋಮವಾರ

ಇವತ್ತು ಮಿಸ್ ಸ್ಕಾರ್ಫ್ ಇಲ್ಲದೆ ಶಾಲೆಯ ರಜೆ ಕ್ಲಾಸಿಗೆ ಹೋಗಬೇಕೆಂದು ನಿರ್ಧಾರ ಮಾಡಿದ್ದರು. ಬಿಸಿಲಿಗೆ ಕ್ರೀಮ್ ಸಾಕು, ಬಟ್ಟೆ ಬೇಡ ಎಂದು ಡಾಕ್ಟರು ಹೇಳಿ ವಾರವಾಗಿತ್ತು. ನಾನು ಹೋದಾಗ ಆಗಲೇ ಸಿದ್ಧರಾಗಿ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಗದ್ದ ಎತ್ತಿದರು.

ಒಂದು, ಎರಡು, ಮೂರು ಎಂದು ಹೇಳುತ್ತಾ ಬಂದೆ. ಮೂರೂ ತಿಳಿಯಾಗಿವೆ. ಮೂರನೆಯದನ್ನು ಹುಡುಕಬೇಕು.

"ಬಿಳೀದು?" ಅಂದರು. "ಕಡಿಮೆ ಆಗಿದೆಯಾ?"

ಮೇಲೆ ನೋಡುತ್ತಿದ್ದ ಅವರ ಕಣ್ಣು ನನಗೆ ಕಾಣುತ್ತಿತ್ತು. ಇವತ್ತೊಂದು ದಿನ ಹೌದು ಎಂಬ ಮಾತು ಕೇಳಿ ಹೊರಟರೆ ಆ ಮೆಟ್ಟಿಲು ಎಷ್ಟು ಸುಲಭವಾಗಿ ಇಳಿಯಬಹುದು ಎಂದು ನನಗೆ ಗೊತ್ತಿತ್ತು. ಮಾತು ನಾಲಿಗೆಯ ಮೇಲೇ ಇತ್ತು. ಕುರ್ಚಿಯನ್ನು ಬೆಳಕಿಗೆ ಇನ್ನಷ್ಟು ತಿರುಗಿಸಿ ಮತ್ತೊಮ್ಮೆ ನೋಡಿದೆ.

"ಇಲ್ಲ ಮಿಸ್. ನಾಲ್ಕನೇದು ಹಾಗೇ ಇದೆ. ಐದನೇದು ಒಂದು ಕೂದಲೆಳೆಯಷ್ಟು ದೊಡ್ಡದಾಗಿದೆ. ಮಾತಾಡಿಸೋರು ಎದುರಿಗೆ ನಿಂತ್ರೆ ಕಾಣುತ್ತೆ."

"ಖಂಡಿತಾನಾ?"

"ಖಂಡಿತ."

ಗದ್ದ ಇಳಿಸುತ್ತಾರೆ, ಸ್ಕಾರ್ಫಿಗೆ ಕೈ ಚಾಚುತ್ತಾರೆ ಎಂದು ಕಾದೆ. ಇಳಿಸಲಿಲ್ಲ.

"ಬರ್ಕೋ," ಅಂದರು. "ಆರನೇದು?"